ಹಬ್ಬಗಳ ಸಾಲು, ಬಂದೋಬಸ್ತಿನ ಕೆಲಸ: ತಂಡ ಬಸವಳಿಯದಂತೆ ನೋಡಿಕೊಳ್ಳುವುದು ಹೇಗೆ?

ಪ್ರಶ್ನೆ: ನಾನು ಅರಸೀಕೆರೆಯ ಒಂದು ಕಚೇರಿಯಲ್ಲಿ ಮೇಲ್ವಿಚಾರಕ. ಮನೆ ಮಾಲೇಕಲ್ಲು ಬೆಟ್ಟದ ಹತ್ತಿರ. ನನ್ನ ಕೈಕೆಳಗೆ ಒಂಬತ್ತು ಜನ ಕೆಲಸ ಮಾಡುತ್ತಾರೆ. ಪ್ರತಿ ವರ್ಷ ದಸರಾ ಕಳೆದು ಹಾಸನಾಂಬೆ ದೇವಸ್ಥಾನದ ಬಾಗಿಲು ತೆರೆಯುವ ಹೊತ್ತಿಗೆ ನಮ್ಮವರಲ್ಲಿ ಕೆಲವರನ್ನು ಹಾಸನಕ್ಕೆ ನಿಯೋಜಿಸುತ್ತಾರೆ. ಅವರ ಕೆಲಸವೂ ಉಳಿದವರ ಮೇಲೆ ಬೀಳುತ್ತದೆ. ದೀಪಾವಳಿ ಮುಗಿಯುವಷ್ಟರಲ್ಲಿ ಒಬ್ಬರಿಗೆ ಜ್ವರ, ಇನ್ನೊಬ್ಬರಿಗೆ ಮಾತೆತ್ತಿದರೆ ಸಿಟ್ಟು, ಮತ್ತೊಬ್ಬರಿಗೆ ಯಾವುದರಲ್ಲೂ ಆಸಕ್ತಿಯಿಲ್ಲ. ಇದನ್ನೇ ಬರ್ನ್‌ಔಟ್ ಎನ್ನುತ್ತಾರೆಯೇ? ಶರತ್ಕಾಲದಲ್ಲೇ ಹೀಗಾಗಲು ಕಾರಣವೇನು? ತಂಡವನ್ನು ಗಟ್ಟಿ ಮಾಡಲು ನನ್ನಂಥವರು ಏನು ಮಾಡಬಹುದು?

— ಓದುಗರೊಬ್ಬರು, ಮಾಲೇಕಲ್ಲು

ಉತ್ತರ: ಒಳ್ಳೆಯ ಪ್ರಶ್ನೆ ಕೇಳಿದ್ದೀರಿ, ಅದನ್ನು ಕೇಳಿದ ರೀತಿಯೂ ಚೆನ್ನಾಗಿದೆ. ಸಾಮಾನ್ಯವಾಗಿ ಇಂಥ ಪತ್ರಗಳು ‘ನಮ್ಮ ಹುಡುಗರಿಗೆ ಉತ್ಸಾಹ ತುಂಬುವುದು ಹೇಗೆ’ ಎಂದು ಕೇಳುತ್ತವೆ. ನೀವು ಹಾಗೆ ಕೇಳದೆ, ಅವರಿಗೆ ಏನಾಗುತ್ತಿದೆ, ಏಕಾಗುತ್ತಿದೆ, ನಾನೇನು ಮಾಡಲಿ ಎಂದು ಕೇಳಿದ್ದೀರಿ. ಆ ಮೂರನ್ನೂ ನಿಮ್ಮದೇ ಕ್ರಮದಲ್ಲಿ ತೆಗೆದುಕೊಳ್ಳೋಣ.

ಮೊದಲು, ಇದು ಬರ್ನ್‌ಔಟ್ ಹೌದೇ?

ಈ ಮಾತು ಬಳಕೆಗೆ ಬಂದದ್ದು 1974ರ ಸುಮಾರಿಗೆ. ನ್ಯೂಯಾರ್ಕಿನ ಮನೋವಿಜ್ಞಾನಿ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ ಬಡವರಿಗಾಗಿ ನಡೆಯುತ್ತಿದ್ದ ಉಚಿತ ಚಿಕಿತ್ಸಾಲಯದಲ್ಲಿ ದುಡಿಯುತ್ತಿದ್ದರು. ಅಲ್ಲಿಗೆ ಸ್ವಯಂಸೇವಕರಾಗಿ ಬಂದವರು, ಯಾರೂ ಒತ್ತಾಯಿಸದೆ ಹಗಲಿರುಳು ಕೆಲಸ ಮಾಡುತ್ತಿದ್ದವರು, ಕ್ರಮೇಣ ಬರಿದಾಗಿ ಹೋಗುವುದನ್ನು ಅವರು ಕಂಡರು. ಇದನ್ನು ನೀವು ನೆನಪಿಡಬೇಕು. ಬಸವಳಿದವರು ಕೆಲಸಗಳ್ಳರಲ್ಲ, ಮನಸ್ಸಿಟ್ಟು ದುಡಿದವರು. ಹಾಸನಾಂಬೆಯ ಡ್ಯೂಟಿಯನ್ನು ದೇವಿಯ ಸೇವೆ ಎಂದು ತಿಳಿದು, ‘ನನಗೇನೂ ಆಗಿಲ್ಲ, ನಾನೇ ನಾಳೆಯೂ ನಿಲ್ಲುತ್ತೇನೆ’ ಎನ್ನುವವರು ನಿಮ್ಮಲ್ಲಿಯೂ ಇರಬಹುದು. ನೀವು ಮೊದಲು ಗಮನಿಸಬೇಕಾದದ್ದು ಅವರನ್ನು.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿದ, 2022ರ ಜನವರಿಯಿಂದ ಜಾರಿಯಲ್ಲಿರುವ ರೋಗಗಳ ವರ್ಗೀಕರಣದಲ್ಲಿ ಬರ್ನ್‌ಔಟಿಗೆ ಮೂರು ಗುರುತುಗಳನ್ನು ಹೇಳಿದೆ. ಒಂದು, ಶಕ್ತಿ ಬತ್ತಿಹೋದ ಅನುಭವ. ಎರಡು, ಮಾಡುವ ಕೆಲಸದಿಂದ ಮನಸ್ಸು ದೂರ ಸರಿಯುವುದು, ಅದರ ಬಗ್ಗೆ ಕಹಿ ಹುಟ್ಟುವುದು. ಮೂರು, ಮಾಡಿದ ಕೆಲಸದಿಂದ ಏನೂ ಆಗುತ್ತಿಲ್ಲ, ತನ್ನ ಕೈಲಿ ಆಗುವುದೂ ಇಲ್ಲ ಎಂಬ ಭಾವನೆ. ಈ ಮೂರೂ ಬಹುಕಾಲ ನಡೆದ, ಸರಿಯಾಗಿ ನಿಭಾಯಿಸದೆ ಬಿಟ್ಟ ಕೆಲಸದ ಒತ್ತಡದಿಂದ ಬಂದಿರಬೇಕು.

ಈ ಅಳತೆಗೋಲು ಹಿಡಿದು ನೋಡಿದರೆ ನಿಮ್ಮ ಮೂವರ ಸ್ಥಿತಿ ಒಂದೇ ಅಲ್ಲ. ಜ್ವರ ಬಂದವರಿಗೆ ಮಳೆಗಾಲದ ಕೊನೆಯ ಸೋಂಕು ತಗುಲಿರಬಹುದು. ಅವರು ವೈದ್ಯರ ಬಳಿ ಹೋಗಬೇಕು. ಸಿಡುಕುತ್ತಿರುವವರಿಗೆ ಬಹುಶಃ ನಿದ್ದೆ ಸಾಲದು. ನಾಲ್ಕು ರಾತ್ರಿ ಚೆನ್ನಾಗಿ ಮಲಗಿದರೆ ಸರಿಹೋಗಬಹುದು. ಯಾವುದರಲ್ಲೂ ಆಸಕ್ತಿಯಿಲ್ಲ ಎಂದಿರಲ್ಲ, ಆ ಮೂರನೆಯವರನ್ನು ಹೆಚ್ಚು ಎಚ್ಚರದಿಂದ ನೋಡಿ. ಬರಿಯ ದಣಿವು ವಿಶ್ರಾಂತಿಯಿಂದ ಹೋಗುತ್ತದೆ. ವಿಶ್ರಾಂತಿ ಸಿಕ್ಕ ಮೇಲೂ ಕೆಲಸದ ನೆನಪಾದೊಡನೆ ಮನಸ್ಸು ಹಿಂಜರಿಯುತ್ತಿದ್ದರೆ ಅದು ಬರ್ನ್‌ಔಟಿನ ದಾರಿ.

ಇಲ್ಲಿ ಅನೇಕರಿಗೆ ಒಂದು ಗೊಂದಲವಾಗುತ್ತದೆ, ಅದನ್ನೂ ಬಿಡಿಸಿಬಿಡೋಣ. ಬರ್ನ್‌ಔಟ್ ಎಂದರೆ ಖಿನ್ನತೆಯೇ? ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಕೆಲಸಕ್ಕೆ ಸಂಬಂಧಪಟ್ಟ ವಿದ್ಯಮಾನ ಎಂದು ಪಟ್ಟಿ ಮಾಡಿದೆಯೇ ಹೊರತು ಕಾಯಿಲೆ ಎಂದಲ್ಲ. ಖಿನ್ನತೆ ಒಂದು ಕಾಯಿಲೆ. ಅದು ಕಚೇರಿಯ ಬಾಗಿಲಿಗೆ ನಿಲ್ಲುವುದಿಲ್ಲ. ಮನೆಯ ಊಟ, ನಿದ್ದೆ, ಮಕ್ಕಳ ಮಾತು, ಹಬ್ಬದ ಸಂಭ್ರಮ ಎಲ್ಲದರಲ್ಲೂ ರುಚಿ ಕೆಡಿಸುತ್ತದೆ. ಬರ್ನ್‌ಔಟ್ ಆದವರು ಭಾನುವಾರ ತೋಟದಲ್ಲಿ ಖುಷಿಯಾಗಿದ್ದು, ಸೋಮವಾರದ ನೆನಪಿಗೆ ಕುಗ್ಗುತ್ತಾರೆ. ಒಂದರ ಜೊತೆಗೆ ಇನ್ನೊಂದು ಇರಲೂಬಹುದು. ಗುರುತಿಸುವುದು ವೈದ್ಯರ ಕೆಲಸ, ನಿಮ್ಮದಲ್ಲ. ಆದರೆ ಈ ವ್ಯತ್ಯಾಸ ತಿಳಿದಿದ್ದರೆ ಒಂದು ಪ್ರಯೋಜನವಿದೆ. ಬರ್ನ್‌ಔಟಿನ ಮೂಲ ಕೆಲಸದ ಏರ್ಪಾಟಿನಲ್ಲಿರುವುದರಿಂದ ಅದನ್ನು ತಡೆಯುವ ಮದ್ದೂ ಅಲ್ಲೇ ಇದೆ. ಆ ಏರ್ಪಾಟಿನ ಒಂದು ಭಾಗ ನಿಮ್ಮ ಕೈಯಲ್ಲಿದೆ.

ಶರತ್ಕಾಲದಲ್ಲೇ ಏಕೆ?

ಈ ವಿಷಯದ ಮೇಲೆ ಯೂರೋಪು, ಅಮೆರಿಕಗಳಲ್ಲಿ ಬರೆದದ್ದನ್ನು ಓದಿದರೆ ಶರತ್ಕಾಲದಲ್ಲಿ ಬೆಳಕು ಕಡಿಮೆಯಾಗುವುದರಿಂದ ಮನಸ್ಸು ಮಂಕಾಗುತ್ತದೆ ಎಂಬ ಮಾತು ಮೊದಲಿಗೇ ಬರುತ್ತದೆ. ಅವರ ಮಟ್ಟಿಗೆ ಅದು ನಿಜ. ಲಂಡನ್ನಿನಲ್ಲಿ ಜೂನಿನ ಹಗಲು ಹದಿನಾರೂವರೆ ಗಂಟೆಯಾದರೆ ಡಿಸೆಂಬರಿನ ಹಗಲು ಎಂಟು ಗಂಟೆಗಿಂತ ಕಡಿಮೆ. ಅರಸೀಕೆರೆ ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿ. ನಮ್ಮಲ್ಲಿ ವರ್ಷದ ಅತಿ ಉದ್ದದ ಹಗಲಿಗೂ ಅತಿ ಚಿಕ್ಕ ಹಗಲಿಗೂ ಇರುವ ವ್ಯತ್ಯಾಸ ಸುಮಾರು ಒಂದೂವರೆ ಗಂಟೆ ಮಾತ್ರ. ಆದ್ದರಿಂದ ಕಿಟಕಿಯ ಪಕ್ಕ ಕೂರಿ, ದೀಪದ ಮುಂದೆ ಕೂರಿ ಎಂಬ ಸಲಹೆ ನಿಮ್ಮ ತಂಡಕ್ಕೆ ಹೆಚ್ಚು ಉಪಯೋಗವಿಲ್ಲ.

ನಮ್ಮ ಶರತ್ಕಾಲದ ಭಾರ ಬೇರೆ. ಅದನ್ನು ಪಂಚಾಂಗ ತರುತ್ತದೆ. ಆಶ್ವಯುಜ ಮತ್ತು ಕಾರ್ತಿಕದಲ್ಲಿ ಏನೇನು ಒಟ್ಟಿಗೆ ಬರುತ್ತದೆ ನೋಡಿ: ನವರಾತ್ರಿ, ಆಯುಧಪೂಜೆ, ವಿಜಯದಶಮಿ, ಹಾಸನಾಂಬೆಯ ದರ್ಶನ, ದೀಪಾವಳಿ, ನವೆಂಬರ್ ಒಂದರ ರಾಜ್ಯೋತ್ಸವ. ಶಾಲೆಗಳ ದಸರಾ ರಜೆಯಿಂದಾಗಿ ಬೇಲೂರು, ಹಳೇಬೀಡಿಗೆ ಬರುವ ಪ್ರವಾಸಿಗರು ಹೆಚ್ಚುತ್ತಾರೆ; 2023ರ ಸೆಪ್ಟೆಂಬರಿನಲ್ಲಿ ಸೋಮನಾಥಪುರದೊಂದಿಗೆ ಅವೆರಡೂ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಅವುಗಳ ಹೆಸರು ಇನ್ನಷ್ಟು ದೂರ ಹೋಗಿದೆ. ಬಸ್ಸು, ರೈಲುಗಳಲ್ಲಿ ಊರಿಗೆ ಬಂದು ಹೋಗುವವರ ನೂಕುನುಗ್ಗಲು. ಅರಸೀಕೆರೆ ಬೆಂಗಳೂರು–ಹುಬ್ಬಳ್ಳಿ ಮಾರ್ಗ ಮೈಸೂರು ಮಾರ್ಗವನ್ನು ಸೇರುವ ಜಂಕ್ಷನ್ ಆದ್ದರಿಂದ ಆ ನೂಕುನುಗ್ಗಲು ನಿಮ್ಮ ಕಣ್ಣೆದುರೇ ಇರುತ್ತದೆ.

ಕಚೇರಿಯ ಹೊರಗಿನ ಭಾರವೂ ಇದೇ ಹೊತ್ತಿಗೆ ಏರುತ್ತದೆ. ಹಬ್ಬದ ಅಡುಗೆ, ಮನೆ ತೊಳೆಯುವುದು, ನೆಂಟರ ಉಪಚಾರ ನಮ್ಮಲ್ಲಿ ಇವತ್ತಿಗೂ ಬಹುಮಟ್ಟಿಗೆ ಹೆಂಗಸರ ಪಾಲು. ನಿಮ್ಮ ತಂಡದ ಮಹಿಳೆಯರು ಎರಡು ಕಡೆ ಪೂರ್ತಿ ಡ್ಯೂಟಿ ಮಾಡುತ್ತಿರುತ್ತಾರೆ. ಹಳ್ಳಿಯಿಂದ ಬರುವವರಿಗೆ ಹಿಂಗಾರು ಮಳೆಯ ಚಿಂತೆ. ದೀಪಾವಳಿಯ ಹಿಂದೆಯೇ ರಾಗಿ ಕೊಯ್ಲು ಶುರುವಾಗುತ್ತದೆ. ಕೊಯ್ದ ರಾಗಿ ಮಳೆಗೆ ಸಿಕ್ಕರೆ ವರ್ಷದ ಅನ್ನ ಹೋಯಿತು. ಹಾಜರಿ ಪುಸ್ತಕದಲ್ಲಿ ಸಹಿ ಮಾಡಿ ಕುರ್ಚಿಯಲ್ಲಿ ಕೂತವರ ಮನಸ್ಸು ಹೊಲದ ತೆನೆಯ ಮೇಲಿದ್ದರೆ ಅದು ತಪ್ಪಲ್ಲ.

ಪಂಚಾಂಗ ತರುವ ಭಾರಕ್ಕೆ ಒಂದು ಒಳ್ಳೆಯ ಗುಣವಿದೆ. ಅದು ಮುಂಚಿತವಾಗಿ ಹೇಳಿ ಬರುತ್ತದೆ. ಹಾಸನಾಂಬೆಯ ಬಾಗಿಲು ತೆರೆಯುವುದು ಆಶ್ವಯುಜ ಹುಣ್ಣಿಮೆಯ ನಂತರದ ಮೊದಲ ಗುರುವಾರ. ಮುಚ್ಚುವುದು ಬಲಿಪಾಡ್ಯಮಿಯ ಮರುದಿನ. ಹುಣ್ಣಿಮೆ ಯಾವ ವಾರ ಬೀಳುತ್ತದೆ ಎಂಬುದರ ಮೇಲೆ ದಿನಗಳ ಸಂಖ್ಯೆ ಹೆಚ್ಚುಕಡಿಮೆಯಾಗುತ್ತದೆ. 2023ರಲ್ಲಿ ನವೆಂಬರ್ 2ರಿಂದ 15ರವರೆಗೆ, ಅಂದರೆ ಹದಿನಾಲ್ಕು ದಿನ. 2024ರಲ್ಲಿ ಹುಣ್ಣಿಮೆ ಗುರುವಾರವೇ ಬಂದದ್ದರಿಂದ ಬಾಗಿಲು ತೆರೆದದ್ದು ಮುಂದಿನ ಗುರುವಾರ, ಅಕ್ಟೋಬರ್ 24ಕ್ಕೆ. ಮುಚ್ಚಿದ್ದು ನವೆಂಬರ್ 3ಕ್ಕೆ, ಹನ್ನೊಂದೇ ದಿನ. 2025ರಲ್ಲಿ ಅಕ್ಟೋಬರ್ 9ರಿಂದ 23ರವರೆಗೆ, ಹದಿನೈದು ದಿನ. ಅಷ್ಟು ದಿನಗಳಲ್ಲಿ ಈಚಿನ ವರ್ಷಗಳಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನ ಬಂದು ಹೋಗುತ್ತಾರೆ. ಈ ಲೆಕ್ಕ ಗೊತ್ತಿದ್ದರೆ ಯುಗಾದಿಯ ದಿನ ಹೊಸ ಪಂಚಾಂಗ ತೆರೆದಾಗಲೇ ಈ ವರ್ಷದ ಭಾರ ಎಷ್ಟು ದಿನದ್ದು ಎಂದು ನೀವು ಬರೆದಿಟ್ಟುಕೊಳ್ಳಬಹುದು. ಮುಂಚಿತವಾಗಿ ಗೊತ್ತಿರುವ ಭಾರವನ್ನು ಪ್ರತಿ ವರ್ಷವೂ ತುರ್ತು ಪರಿಸ್ಥಿತಿಯಂತೆ ನಡೆಸುವುದೇ ತಂಡವನ್ನು ಹೆಚ್ಚು ಬಳಲಿಸುತ್ತದೆ.

ಹಾಗಾದರೆ ಏನು ಮಾಡಬೇಕು?

ನಿಮ್ಮ ಮುಖ್ಯ ಪ್ರಶ್ನೆ ಇದು. ಉತ್ತರವನ್ನು ಕೆಲಸದ ಕ್ರಮದಲ್ಲೇ, ಆರು ಹೆಜ್ಜೆಗಳಲ್ಲಿ ಹೇಳುತ್ತೇನೆ.

1. ಮಳೆಗಾಲದಲ್ಲೇ ಎರಡನೆಯ ಕೈ ಸಿದ್ಧಮಾಡಿ. ನಿಮ್ಮ ಕಚೇರಿಯಲ್ಲಿ ಒಬ್ಬರಿಗೆ ಮಾತ್ರ ಗೊತ್ತಿರುವ ಕೆಲಸ ಯಾವುದು, ಪಟ್ಟಿ ಮಾಡಿ. ಸಂಬಳದ ಬಿಲ್ಲು ಒಬ್ಬರಿಗೆ, ಟಪಾಲು ಇನ್ನೊಬ್ಬರಿಗೆ, ಕಂಪ್ಯೂಟರಿನ ಪಾಸ್‌ವರ್ಡು ಮತ್ತೊಬ್ಬರಿಗೆ ಹೀಗಿದ್ದರೆ ಆ ಮೂವರಿಗೂ ನಿಶ್ಚಿಂತೆಯ ರಜೆ ಎಂಬುದಿಲ್ಲ. ಹಾಸನದ ಸರತಿ ಸಾಲಿನಲ್ಲಿ ನಿಂತಾಗಲೂ ಫೋನು ಬರುತ್ತಿರುತ್ತದೆ. ಶ್ರಾವಣ, ಭಾದ್ರಪದದಲ್ಲಿ ವಾರಕ್ಕೆ ಒಂದು ಗಂಟೆಯಂತೆ ಪ್ರತಿ ಕೆಲಸವನ್ನು ಇನ್ನೊಬ್ಬರಿಗೆ ಕಲಿಸಿ. ಒಬ್ಬರು ಇಲ್ಲದಿದ್ದರೂ ಕೆಲಸ ನಿಲ್ಲದ ತಂಡವೇ ಗಟ್ಟಿ ತಂಡ. ನೀವು ಕೇಳಿದ ಗಟ್ಟಿತನದ ಅರ್ಧ ಭಾಗ ಇಷ್ಟರಿಂದಲೇ ಬರುತ್ತದೆ.

2. ಸೆಪ್ಟೆಂಬರಿನಲ್ಲಿ ಕೂತು ಲೆಕ್ಕ ಹಾಕಿ. ಒಂದು ಉದಾಹರಣೆ ಮಾಡಿ ನೋಡೋಣ. ದರ್ಶನ ಹದಿನೈದು ದಿನ, ದಿನಕ್ಕೆ ನಿಮ್ಮಿಂದ ಮೂವರನ್ನು ಕೇಳುತ್ತಾರೆ ಎಂದಿಟ್ಟುಕೊಳ್ಳಿ. ಒಟ್ಟು ನಲವತ್ತೈದು ಆಳಿನ ದಿನಗಳಾದವು. ಒಂಬತ್ತು ಜನರಿಗೆ ಹಂಚಿದರೆ ತಲೆಗೆ ಐದು ದಿನ. ಮೂವರು ಪ್ರತಿ ವರ್ಷವೂ ಏನಾದರೊಂದು ಹೇಳಿ ತಪ್ಪಿಸಿಕೊಂಡರೆ ಉಳಿದ ಆರು ಜನರಿಗೆ ಏಳೂವರೆ ದಿನ. ಕಹಿ ಹುಟ್ಟುವುದು ಈ ಎರಡೂವರೆ ದಿನದ ವ್ಯತ್ಯಾಸದಲ್ಲಿ.

ಈಗ ಒಂಬತ್ತು ಜನರನ್ನು ಮೂರು ಗುಂಪು ಮಾಡಿ. ಮೊದಲ ಗುಂಪಿಗೆ 1 ಮತ್ತು 2ನೇ ದಿನ, ಎರಡನೆಯದಕ್ಕೆ 3 ಮತ್ತು 4, ಮೂರನೆಯದಕ್ಕೆ 5 ಮತ್ತು 6. ಮತ್ತೆ ಅದೇ ಸರದಿಯಲ್ಲಿ 7ರಿಂದ 12. ಉಳಿಯುವ 13, 14, 15ನೇ ದಿನಗಳನ್ನು ಗುಂಪಿಗೆ ಒಂದೊಂದರಂತೆ ಕೊಡಿ. ಪ್ರತಿಯೊಬ್ಬರಿಗೂ ಸರಿಯಾಗಿ ಐದು ದಿನ ಬಂತು. ಒಂದು ಸರದಿಗೂ ಇನ್ನೊಂದಕ್ಕೂ ನಡುವೆ ನಾಲ್ಕು ದಿನ ಅಂತರವಿರುತ್ತದೆ. ಕೊನೆಯ ಒಂದು ದಿನಕ್ಕೆ ಮುಂಚೆಯೂ ಎಲ್ಲರಿಗೂ ಕನಿಷ್ಠ ಎರಡು ದಿನ ಬಿಡುವು ಸಿಗುವಂತೆ ಹಂಚಬಹುದು. ದೀಪಾವಳಿ ಬೀಳುವುದೂ ಆ ಕೊನೆಯ ದಿನಗಳಲ್ಲೇ. ಹಾಗಾಗಿ ಹಬ್ಬದ ದಿನ ಮನೆಯಲ್ಲಿರುವ ಭಾಗ್ಯವೂ ಕಳೆದುಕೊಳ್ಳುವ ಕಷ್ಟವೂ ಒಂದೇ ಗುಂಪಿನ ಪಾಲಾಗುವುದಿಲ್ಲ. ಮುಂದಿನ ವರ್ಷ ಆ ಸರದಿಯನ್ನು ತಿರುಗಿಸಿ.

ನಿಯೋಜನೆಯ ಆದೇಶದಲ್ಲಿ ಹೆಸರು ಹಾಕುವವರು ಮೇಲಿನವರು, ಅದು ನನ್ನ ಕೈಲಿಲ್ಲ ಎಂದು ನೀವು ಹೇಳಬಹುದು. ನಿಜ. ಆದರೆ ಹೆಸರು ಕೇಳುವ ಮೊದಲೇ ತಯಾರಾದ ಪಟ್ಟಿ ಕಳುಹಿಸಿಕೊಟ್ಟರೆ ಆದೇಶ ಬರೆಯುವವರಿಗೂ ಅನುಕೂಲ. ಎಲ್ಲ ಸಲವೂ ಒಪ್ಪದಿರಬಹುದು; ಒಪ್ಪಿದಷ್ಟು ಲಾಭ.

3. ವಿಶ್ರಾಂತಿಯನ್ನು ಡ್ಯೂಟಿ ಚಾರ್ಟಿನಲ್ಲಿ ಮೊದಲು ಬರೆಯಿರಿ. ಕೆಲಸ ಹಂಚಿ ಉಳಿದರೆ ವಿಶ್ರಾಂತಿ ಎಂದಿಟ್ಟರೆ ಅದು ಉಳಿಯುವುದೇ ಇಲ್ಲ. ನಿಮ್ಮೂರಿನ ರೈಲು ನಿಲ್ದಾಣವೇ ಇದಕ್ಕೆ ಪಾಠ. 1989ರ ರೈಲ್ವೆ ಕಾಯ್ದೆ ರೈಲು ಓಡಿಸುವ ಸಿಬ್ಬಂದಿಗೆ ತಿಂಗಳಲ್ಲಿ ಕನಿಷ್ಠ ನಾಲ್ಕು ಬಾರಿ ಸತತ 30 ಗಂಟೆ, ಇಲ್ಲವೇ ಐದು ಬಾರಿ ಸತತ 22 ಗಂಟೆ ವಿಶ್ರಾಂತಿ ಕೊಡಬೇಕು, ಅದರಲ್ಲಿ ಒಂದು ಪೂರ್ತಿ ರಾತ್ರಿ ಸೇರಿರಬೇಕು ಎನ್ನುತ್ತದೆ. ಬಸ್ಸಿನವರಿಗಾಗಿ ಮಾಡಿದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಹಬ್ಬದ ದಿನಗಳನ್ನೂ ಮರೆತಿರಲಿಲ್ಲ. ದಿನಕ್ಕೆ ಎಂಟು ಗಂಟೆ, ವಾರಕ್ಕೆ 48 ಗಂಟೆ ಎಂಬ ಮಿತಿಯನ್ನು ಹಬ್ಬ ಮತ್ತು ದೂರದ ಮಾರ್ಗಗಳಿಗಾಗಿ ಅನುಮತಿ ಪಡೆದು ಸಡಿಲಿಸಬಹುದಿತ್ತು. ಆದರೆ ದಿನಕ್ಕೆ ಹತ್ತು, ವಾರಕ್ಕೆ 54 ಗಂಟೆ ದಾಟುವಂತಿರಲಿಲ್ಲ. ಒಂದು ದಿನದ ಕೆಲಸ ಮುಗಿದು ಮರುದಿನದ್ದು ಶುರುವಾಗುವ ನಡುವೆ ಸತತ ಒಂಬತ್ತು ಗಂಟೆ ಬಿಡುವು ಇರಲೇಬೇಕಿತ್ತು. ಆ ಕಾಯ್ದೆಯ ಜಾಗಕ್ಕೆ ಈಗ ಹೊಸ ಕಾರ್ಮಿಕ ಸಂಹಿತೆ ಬಂದಿದೆ. ಹಳೆಯ ಕಾಯ್ದೆಯ ತಿಳಿವಳಿಕೆ ಮಾತ್ರ ಹಳತಾಗಿಲ್ಲ: ಹಬ್ಬದಲ್ಲಿ ಕೆಲಸ ಹೆಚ್ಚುವುದು ಸಹಜ, ಹೆಚ್ಚುವುದಕ್ಕೂ ಒಂದು ಎಲ್ಲೆ ಬೇಕು.

ಈ ನಿಯಮಗಳು ನಿಮ್ಮ ಕಚೇರಿಗೆ ಅನ್ವಯಿಸುವುದಿಲ್ಲ. ಅವುಗಳ ಹಿಂದಿನ ಕಾರಣ ಅನ್ವಯಿಸುತ್ತದೆ. ಬೆಳಿಗ್ಗೆ ಐದಕ್ಕೆ ಎದ್ದು ಹಾಸನದ ಬಸ್ಸು ಹಿಡಿದವರು ರಾತ್ರಿ ಹತ್ತಕ್ಕೆ ಹದಿನೇಳು ಗಂಟೆ ಎಚ್ಚರವಿದ್ದಂತಾಯಿತು. ಆಸ್ಟ್ರೇಲಿಯಾದ ಡಾಸನ್ ಮತ್ತು ರೀಡ್ 1997ರಲ್ಲಿ ತೋರಿಸಿದಂತೆ, ಅಷ್ಟು ಹೊತ್ತು ಎಚ್ಚರವಿದ್ದವರ ಕೈ–ಕಣ್ಣಿನ ಹೊಂದಾಣಿಕೆ, ರಕ್ತದಲ್ಲಿ 100 ಮಿಲಿಲೀಟರಿಗೆ 50 ಮಿಲಿಗ್ರಾಂ ಮದ್ಯಸಾರ ಇರುವವರ ಮಟ್ಟಕ್ಕೆ ಇಳಿದಿರುತ್ತದೆ. ನಮ್ಮ ದೇಶದಲ್ಲಿ ವಾಹನ ಓಡಿಸುವವರಿಗೆ ಇರುವ ಮಿತಿ 30 ಮಿಲಿಗ್ರಾಂ. ಅಂಥವರು ಅರಸೀಕೆರೆ ಬಸ್ ನಿಲ್ದಾಣದಲ್ಲಿ ಇಳಿದು ಕತ್ತಲಲ್ಲಿ ಬೈಕ್ ಹತ್ತಿ ಹಳ್ಳಿಗೆ ಹೊರಡುತ್ತಾರೆ. ರಾತ್ರಿ ಡ್ಯೂಟಿ ಮಾಡಿದವರಿಗೆ ಮರುದಿನ ಪೂರ್ತಿ, ತಡವಾಗಿ ಮರಳಿದವರಿಗೆ ಕನಿಷ್ಠ ಮಧ್ಯಾಹ್ನದವರೆಗೆ ಬಿಡುವು ಎಂದು ಚಾರ್ಟಿನಲ್ಲೇ ಬರೆಯಿರಿ. ಮಾಲೇಕಲ್ಲಿನ ಸಾವಿರಕ್ಕೂ ಹೆಚ್ಚಿನ ಮೆಟ್ಟಿಲು ಹತ್ತುವವರನ್ನು ನೀವು ನೋಡಿದ್ದೀರಿ. ಏದುಸಿರು ಬರುವ ಮೊದಲೇ ಅಲ್ಲಲ್ಲಿ ಕೂತು ಹತ್ತುವವರು ಸುಖವಾಗಿ ಮೇಲೆ ಸೇರುತ್ತಾರೆ. ವಿಶ್ರಾಂತಿಯ ಹೊತ್ತು ಮೊದಲೇ ಗೊತ್ತಾಗಿರಬೇಕು ಎನ್ನುವುದು ಇದಕ್ಕೇ.

4. ಚಾರ್ಟನ್ನು ತಂಡದವರೇ ಬರೆಯಲಿ. ರಾಬರ್ಟ್ ಕರಾಸೆಕ್ ಎಂಬ ಅಮೆರಿಕದ ವಿದ್ವಾಂಸರು 1979ರಲ್ಲಿ ಒಂದು ವಿಷಯ ಸ್ಪಷ್ಟಪಡಿಸಿದರು. ಕೆಲಸ ಹೆಚ್ಚಿದ್ದರಷ್ಟೇ ಮನುಷ್ಯ ಕುಸಿಯುವುದಿಲ್ಲ. ಕೆಲಸ ಹೆಚ್ಚಿದ್ದು, ಅದನ್ನು ಹೇಗೆ ಯಾವಾಗ ಮಾಡಬೇಕು ಎಂಬುದರಲ್ಲಿ ತನ್ನ ಮಾತು ನಡೆಯದಿದ್ದಾಗ ಕುಸಿಯುತ್ತಾನೆ. ಮೂರು ಗುಂಪಿನ ಚೌಕಟ್ಟು ನೀವು ಕೊಡಿ, ಯಾರು ಯಾವ ಗುಂಪು ಎಂಬುದನ್ನು ಅವರು ಕೂತು ತೀರ್ಮಾನಿಸಲಿ. ಎಳೆ ಮಗುವಿನ ತಾಯಿ ಹಗಲಿನ ಪಾಳಿ ಕೇಳಬಹುದು, ರಾಗಿ ಹೊಲ ಇರುವವರು ಮೊದಲ ಸರದಿ ಕೇಳಬಹುದು. ಒಂದು ವಿಷಯದಲ್ಲಿ ಮಾತ್ರ ನೀವೇ ಮುಂದೆ ಬಂದು ನ್ಯಾಯ ಹೇಳಬೇಕು. ‘ಅವರಿಗೆ ದೀಪಾವಳಿ ಇಲ್ಲವಲ್ಲ’ ಎಂದು ಮುಸ್ಲಿಂ ಅಥವಾ ಕ್ರೈಸ್ತ ಸಹೋದ್ಯೋಗಿಗಳ ಮೇಲೆ ಹಬ್ಬದ ದಿನಗಳ ಡ್ಯೂಟಿಯನ್ನೆಲ್ಲ ಹಾಕುವ ಅಭ್ಯಾಸ ಕೆಲವೆಡೆ ಇದೆ. ಅವರು ಸಂತೋಷದಿಂದ ಒಪ್ಪಿದರೆ ರಂಜಾನಿನಲ್ಲಿ, ಕ್ರಿಸ್‌ಮಸ್ಸಿನಲ್ಲಿ ಅಷ್ಟೇ ದಿನ ಅವರಿಗೆ ಬಿಡುವು ಎಂದು ಅದೇ ಚಾರ್ಟಿನ ಕೆಳಗೆ ಬರೆದಿಡಿ. ಬಾಯಿಮಾತಿನ ಋಣ ಡಿಸೆಂಬರಿಗೆ ಯಾರಿಗೂ ನೆನಪಿರುವುದಿಲ್ಲ.

5. ನೂಕುನುಗ್ಗಲಿನ ದಿನಗಳಲ್ಲಿ ಕೆಲಸ ಕಡಿಮೆ ಮಾಡಿ, ಮಾತು ಸ್ಪಷ್ಟ ಮಾಡಿ. ಮೂವರು ಹಾಸನದಲ್ಲಿ, ಒಬ್ಬಿಬ್ಬರು ಬಿಡುವಿನಲ್ಲಿ ಎಂದರೆ ನಿಮ್ಮ ಕಚೇರಿಯಲ್ಲಿ ಉಳಿಯುವುದು ನಾಲ್ಕೈದು ಜನ. ನಾಲ್ಕೈದು ಜನ ಒಂಬತ್ತು ಜನರ ಕೆಲಸ ಮಾಡಲಾರರು. ಆ ಎರಡು ವಾರ ಯಾವ ಕೆಲಸ ನಿಲ್ಲಬಾರದು, ಯಾವುದು ನವೆಂಬರಿಗೆ ಹೋಗಬಹುದು ಎಂದು ಮೊದಲೇ ಗೆರೆ ಎಳೆಯಿರಿ. ಆಯುಧಪೂಜೆಗೆ ಹೇಗೂ ಬೀರುಗಳನ್ನು ಒರೆಸಿ ಕಡತಗಳನ್ನು ಜೋಡಿಸುತ್ತೀರಲ್ಲ, ಆ ದಿನವೇ ಎಲ್ಲರೂ ಸೇರಿ ಈ ವಿಂಗಡಣೆ ಮಾಡಬಹುದು. ಮುಂದೂಡಿದ ಕೆಲಸಗಳ ಪಟ್ಟಿಗೆ ನಿಮ್ಮ ಸಹಿ ಇರಲಿ. ಆಗ ಸಿಬ್ಬಂದಿಗೆ ಅಪರಾಧಿ ಭಾವ ಇರುವುದಿಲ್ಲ.

ಒಂದು ಗುಂಪು ಇನ್ನೊಂದಕ್ಕೆ ಡ್ಯೂಟಿ ಒಪ್ಪಿಸುವಾಗ ಒಂದು ನೋಟ್‌ಬುಕ್ ಇರಲಿ. ಪುಟಕ್ಕೆ ನಾಲ್ಕೇ ಸಾಲು ಸಾಕು: ಇವತ್ತು ಏನು ಸರಿಯಾಗಿ ನಡೆಯಿತು, ಎಲ್ಲಿ ಸಿಕ್ಕಿಹಾಕಿಕೊಂಡೆವು, ಯಾರನ್ನು ಕೇಳಿದರೆ ಕೆಲಸವಾಯಿತು, ನಾಳೆಯವರು ಏನು ಒಯ್ಯಬೇಕು. ‘ಧರ್ಮದರ್ಶನದ ಸಾಲಿನ ಬಳಿ ಕುಡಿಯುವ ನೀರು ಮೂರು ಗಂಟೆಗೆ ಮುಗಿಯುತ್ತದೆ, ಬಾಟಲಿ ತುಂಬಿಕೊಂಡು ಹೋಗಿ’ ಎಂಬಂಥ ಒಂದು ಸಾಲು ಮರುದಿನದವರ ಅರ್ಧ ಸಂಕಟ ಕಳೆಯುತ್ತದೆ. ಊಟ ಎಲ್ಲಿ, ಕೂರಲು ಜಾಗ ಎಲ್ಲಿ, ಮಹಿಳೆಯರಿಗೆ ಶೌಚಾಲಯ ಎಲ್ಲಿ ಎಂಬುದನ್ನು ಮೊದಲ ದಿನವೇ ವಿಚಾರಿಸಿ ಬರೆದಿಡಿ. ಇವು ಸಣ್ಣ ಸಂಗತಿಗಳಲ್ಲ. ಹತ್ತು ಗಂಟೆ ನಿಲ್ಲುವವರಿಗೆ ಇವೇ ದೊಡ್ಡ ಸಂಗತಿಗಳು.

ಬಿಡುವಿನಲ್ಲಿರುವವರಿಗೆ ಫೋನು ಮಾಡಬೇಡಿ, ವಾಟ್ಸಾಪ್ ಗುಂಪಿನಲ್ಲಿ ಅವರ ಹೆಸರು ಹಿಡಿದು ಏನನ್ನೂ ಕೇಳಬೇಡಿ. ಮನೆಗೆ ಹೋದ ಮೇಲೆ ಕೆಲಸವನ್ನು ಮನಸ್ಸಿನಿಂದ ಇಳಿಸಿಡಲು ಸಾಧ್ಯವಾದವರು ಬೇಗ ಚೇತರಿಸಿಕೊಳ್ಳುತ್ತಾರೆ ಎಂದು ಜರ್ಮನಿಯ ಸಬೀನೆ ಸೊನೆನ್‌ಟಾಗ್ ಮತ್ತು ಅವರ ಸಂಗಡಿಗರ ಅಧ್ಯಯನಗಳು ತೋರಿಸಿವೆ. ಮೊದಲ ಹೆಜ್ಜೆಯಲ್ಲಿ ಎರಡನೆಯ ಕೈ ಸಿದ್ಧಮಾಡಿದ್ದರೆ ಫೋನಿನ ಅಗತ್ಯವೂ ಬೀಳುವುದಿಲ್ಲ.

ಕೇಳುವ ರೀತಿಯಲ್ಲೂ ಒಂದು ಕಿವಿಮಾತು. ‘ಎಲ್ಲಾ ಆರಾಮಾ?’ ಎಂದರೆ ‘ಆರಾಮ್ ಸಾರ್’ ಎಂಬ ಉತ್ತರವೇ ಬರುತ್ತದೆ. ‘ನಿನ್ನೆ ರಾತ್ರಿ ಎಷ್ಟು ಹೊತ್ತಿಗೆ ಮಲಗಿದಿರಿ? ಇವತ್ತಿನ ಕೆಲಸದಲ್ಲಿ ಯಾವುದನ್ನು ನಾನು ತೆಗೆದುಕೊಳ್ಳಲಿ?’ ಎಂದು ಕೇಳಿ ನೋಡಿ. ಹಾರ್ವರ್ಡಿನ ಆಮಿ ಎಡ್ಮಂಡ್‌ಸನ್ ಆಸ್ಪತ್ರೆಗಳ ತಂಡಗಳನ್ನು ಅಧ್ಯಯನ ಮಾಡಿದಾಗ ಒಳ್ಳೆಯ ತಂಡಗಳೇ ಹೆಚ್ಚು ತಪ್ಪುಗಳನ್ನು ವರದಿ ಮಾಡುತ್ತಿದ್ದವು. ಅವರು ಹೆಚ್ಚು ತಪ್ಪು ಮಾಡುತ್ತಿದ್ದರು ಎಂದಲ್ಲ; ತಪ್ಪನ್ನು ಹೇಳಲು ಹೆದರುತ್ತಿರಲಿಲ್ಲ. ‘ನನ್ನ ಕೈಲಿ ಆಗುತ್ತಿಲ್ಲ’ ಎಂದು ನಿಮ್ಮ ಮುಂದೆ ಒಬ್ಬರು ಹೇಳಿದರೆ ಅದು ತಂಡದ ಸೋಲಲ್ಲ, ನಿಮ್ಮ ಮೇಲಿನ ನಂಬಿಕೆ.

6. ಮುಗಿದ ಮೇಲಿನ ಎರಡು ವಾರ ಬಿಟ್ಟುಕೊಡಬೇಡಿ. ಬಾಗಿಲು ಮುಚ್ಚಿದ ಮರು ಸೋಮವಾರವೇ ‘ಬಾಕಿ ಕಡತ ವಿಲೇವಾರಿ ಅಭಿಯಾನ’ ಶುರುಮಾಡುವ ಕಚೇರಿಗಳಿವೆ. ತಂಡ ಬೀಳುವುದು ಆಗಲೇ. ಬದಲಿ ರಜೆ ಯಾರಿಗೆಷ್ಟು ಬಾಕಿ ಎಂದು ಪಟ್ಟಿ ಮಾಡಿ ನವೆಂಬರ್ ಮುಗಿಯುವುದರೊಳಗೆ ಕೊಟ್ಟು ಮುಗಿಸಿ. ರಾಗಿ ಕೊಯ್ಲಿನವರಿಗೆ ಮೊದಲು. ಒಂದು ಮಧ್ಯಾಹ್ನ ಎಲ್ಲರೂ ಕೂತು ಆ ನೋಟ್‌ಬುಕ್ ಓದಿ, ಮುಂದಿನ ವರ್ಷಕ್ಕೆ ಏನು ಬದಲಿಸಬೇಕು ಎಂದು ಕೊನೆಯ ಪುಟದಲ್ಲಿ ಬರೆಯಿರಿ. ಯಾರು ಏನು ಚೆನ್ನಾಗಿ ಮಾಡಿದರು ಎಂಬುದನ್ನು ಹೆಸರು ಹೇಳಿ, ಎಲ್ಲರ ಮುಂದೆ ಹೇಳಿ.

ಇಷ್ಟು ಹೇಳಿದ ಮೇಲೆ ಒಂದು ಮಾತನ್ನು ನೇರವಾಗಿ ಹೇಳಬೇಕು. ಹದಿನೈದು ಹುದ್ದೆಗಳಿರಬೇಕಾದ ಕಡೆ ಒಂಬತ್ತು ಜನರಿದ್ದರೆ ಅದನ್ನು ಯಾವ ಚಾರ್ಟೂ ಸರಿಮಾಡದು. ಯೋಗ, ಪ್ರಾಣಾಯಾಮ, ವ್ಯಕ್ತಿತ್ವ ವಿಕಸನದ ಉಪನ್ಯಾಸ ಇವೆಲ್ಲ ಒಳ್ಳೆಯವು, ಮಾಡಿಸಿ. ಆದರೆ ಅವು ನಿದ್ದೆಗೂ ಖಾಲಿ ಹುದ್ದೆಗೂ ಪರ್ಯಾಯವಲ್ಲ. ಕೆಲಸ ಎಷ್ಟು, ಕೈ ಎಷ್ಟು, ಮುಂದೂಡಿದ್ದು ಎಷ್ಟು ಎಂಬುದನ್ನು ಪ್ರತಿ ವರ್ಷ ಅಂಕಿಗಳಲ್ಲಿ ಬರೆದು ಮೇಲಿನ ಕಚೇರಿಗೆ ಕಳುಹಿಸಿ. ನಿಮ್ಮ ಡ್ಯೂಟಿ ಚಾರ್ಟು ಮತ್ತು ನೋಟ್‌ಬುಕ್ಕೇ ಅದಕ್ಕೆ ಆಧಾರ. ಗೊಣಗಾಟಕ್ಕೆ ಉತ್ತರ ಬಾರದಿರಬಹುದು. ಮೂರು ವರ್ಷದ ಅಂಕಿಗಳನ್ನು ತಳ್ಳಿಹಾಕುವುದು ಕಷ್ಟ.

ಇನ್ನು ಆಸಕ್ತಿ ಕಳೆದುಕೊಂಡ ಆ ಒಬ್ಬರ ವಿಷಯ. ರಜೆ ಕೊಟ್ಟು, ಭಾರ ಇಳಿಸಿ ಎರಡು ವಾರವಾದರೂ ಹಾಗೇ ಇದ್ದರೆ, ನಿದ್ದೆ ಊಟ ಕೆಟ್ಟಿದ್ದರೆ, ಕುಡಿತ ಹೆಚ್ಚಿದ್ದರೆ ಪ್ರತ್ಯೇಕವಾಗಿ ಕೂರಿಸಿಕೊಂಡು ಮಾತನಾಡಿ. ಬದುಕೇ ಬೇಡ ಎಂಬಂಥ ಮಾತು ಬಂದರೆ ಎರಡು ವಾರ ಕಾಯಬೇಡಿ, ಅಂದೇ ಅವರ ಜೊತೆಗಿದ್ದು ಸಹಾಯ ಕೊಡಿಸಿ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದು ಶುರುವಾಯಿತು. ಸಂಖ್ಯೆ 14416. ಹಗಲು ರಾತ್ರಿ ಉಚಿತವಾಗಿ ಸಿಗುತ್ತದೆ, ಕನ್ನಡದಲ್ಲೇ ಮಾತನಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಅದರ ಪ್ರಧಾನ ಕೇಂದ್ರ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಯಾವ ದಿನ ಬರುತ್ತಾರೆ ಎಂದು ಆಸ್ಪತ್ರೆಯಲ್ಲೇ ವಿಚಾರಿಸಬಹುದು. ಈ ಸಂಖ್ಯೆಯನ್ನು ಡ್ಯೂಟಿ ಚಾರ್ಟಿನ ಕೆಳಗೆ, ಆಸ್ಪತ್ರೆ ಮತ್ತು ಪೊಲೀಸ್ ಸಂಖ್ಯೆಗಳ ಜೊತೆಗೆ ಬರೆದಿಡಿ. ಎಲ್ಲರಿಗೂ ಬರೆದದ್ದಾದರೆ ಬೇಕಾದವರು ಸಂಕೋಚವಿಲ್ಲದೆ ಗುರುತು ಹಾಕಿಕೊಳ್ಳುತ್ತಾರೆ.

ನೀವು ಕೇಳದ ಒಂದು ವಿಷಯ ಉಳಿಯಿತು. ನಿಮ್ಮ ಪತ್ರದಲ್ಲಿ ಒಂಬತ್ತು ಜನರ ಲೆಕ್ಕವಿದೆ, ಹತ್ತನೆಯವರಾದ ನಿಮ್ಮದಿಲ್ಲ. ಚಾರ್ಟು ಬರೆಯುವವರು ತಮ್ಮ ಹೆಸರನ್ನು ಬಿಡುವಿನ ಕಾಲಮ್ಮಿನಲ್ಲಿ ಬರೆಯದಿದ್ದರೆ ಬೇರೆಯವರೂ ಆ ಕಾಲಮ್ಮನ್ನು ನಂಬುವುದಿಲ್ಲ. ನಿಮ್ಮ ಬದಲಿಗೆ ಎರಡು ದಿನ ಕಚೇರಿ ನೋಡಿಕೊಳ್ಳುವವರು ಯಾರು ಎಂದು ಈಗಲೇ ತೀರ್ಮಾನಿಸಿ, 1ನೇ ಹೆಜ್ಜೆಯನ್ನು ಅವರಿಗೆ ನಿಮ್ಮ ಕೆಲಸ ಕಲಿಸುವುದರಿಂದಲೇ ಆರಂಭಿಸಿ.